ಎಡಗೈ, ಬೇಜಾರು ಮಾಡ್ಬೇಡಿ

ಮ್ಯೂನಿಕ್‌ನಲ್ಲಿ ನಮ್ಮ ಮೇಲಿನ ಮನೆಯಲ್ಲಿದ್ದ ಉಡುಪಿಯ ಆಂಟಿ, ಎಡಗೈಯಲ್ಲಿ ಏನಾದರೂ ಕೊಡಬೇಕಾಗಿ ಬಂದರೆ, “ಎಡಗೈ, ಬೇಜಾರು ಮಾಡ್ಬೇಡಿ ಆಯ್ತಾ” ಎನ್ನದೆ ಕೊಡುತ್ತಿರಲಿಲ್ಲ. ಸೈಕಲ್ಲಿನಿಂದ ಬಿದ್ದು ಮೆದುಳಿಗೆ ಪೆಟ್ಟಾದ ಮೇಲೆ ಆ ಕೈ ಅವರ ಮಾತು ಕೇಳದಾಯಿತು. ಬಲಗೈ ಹಾಕಿದ ಗುಂಡಿಯನ್ನು ಅದು ಬಿಚ್ಚುತ್ತಿತ್ತು. ಆಂಟಿ ಅದಕ್ಕೊಂದು ಏಟು ಕೊಟ್ಟು ನಗುತ್ತಿದ್ದರು.

ಒಮ್ಮೆ ಅವರು ನಮ್ಮನ್ನು ಊಬಾನ್ ರೈಲು ಹತ್ತಿಸಲು ಬಂದಿದ್ದಾಗ, ಒಳಗೆ ಕಾಲಿಟ್ಟ ನನ್ನ ಮಗಳ ಜಡೆಯನ್ನು ಆ ಕೈ ಹಿಡಿದುಕೊಂಡಿತು. ಬಾಗಿಲು ಮುಚ್ಚುವ ಸದ್ದಾಯಿತು.

“ಬಿಡಿ ಆಂಟಿ!” ಎಂದು ಕಿರುಚಿದೆ.

“ನಾನಲ್ಲ ಮಾರಾಯ್ತಿ, ಅದು ಬಿಡೂದಿಲ್ಲ!” ಎನ್ನುತ್ತಾ ಅವರು ಬಲಗೈಯಿಂದ ಆ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದರು.

ಮರುದಿನ ಎಡಗೈಯನ್ನು ಕೋಟಿನ ಜೇಬಿಗೆ ಹಾಕಿ ಪಿನ್ನು ಚುಚ್ಚಿಕೊಂಡು ಬಂದರು. ಬಲಗೈಯಲ್ಲೇ ಚಕ್ಕುಲಿ ಕೊಟ್ಟರೂ “ಎಡಗೈ, ಬೇಜಾರು ಮಾಡ್ಬೇಡಿ” ಎಂದರು. ಮಗಳು ಜಡೆ ಹಿಡಿದುಕೊಂಡು ನನ್ನ ಹಿಂದೆ ಸರಿದಳು.

ಜೇಬು ಮಿಸುಕಾಡಿತು.