ಎದುರು ರಸ್ತೆಯ ಅಂಬಲಿ ಅಮ್ಮ

ಸೀರೆಯ ಅಂಚಿನ ಕೆಳಗೆ ಗಂಡಸರ ಕರಿ ಬೂಟು. ಅವರನ್ನು ಮೊದಲ ಸಲ ನೋಡಿದಾಗ ನನ್ನ ಕಣ್ಣಿಗೆ ಬಿದ್ದದ್ದು ಅದು. ಮುಂಭಾಗ ಉಬ್ಬಿದ, ಕಾರ್ಖಾನೆಯಲ್ಲಿ ಹಾಕಿಕೊಳ್ಳುವಂಥ ಬೂಟು. ಎಡಗಾಲಿನ ಎರಡು ಬೆರಳುಗಳನ್ನು ಶುಗರ್ ತಿಂದುಹಾಕಿತ್ತು, ಚಪ್ಪಲಿ ಕಾಲಲ್ಲಿ ನಿಲ್ಲುತ್ತಿರಲಿಲ್ಲ. ತೀರಿಹೋದ ಗಂಡನ ಬೂಟಿನೊಳಗೆ ಮೆತ್ತನೆಯ ಬಟ್ಟೆ ತುರುಕಿ ಹಾಕಿಕೊಂಡು, ಎರಡು ಸ್ಟೀಲ್ ಕ್ಯಾನ್ ಹಿಡಿದು, ಭದ್ರಾವತಿಯಿಂದ ಮೊದಲ ಬಸ್ಸಿಗೆ ಬರುತ್ತಿದ್ದರು. ಒಂದರಲ್ಲಿ ರಾತ್ರಿ ನೆನೆಸಿದ ಮೆಂತ್ಯದ ನೀರು, ಇನ್ನೊಂದರಲ್ಲಿ ಮಜ್ಜಿಗೆ ಬೆರೆಸಿದ ರಾಗಿ ಅಂಬಲಿ. ಜೊತೆಗೆ ಡಬ್ಬಿಯ ತುಂಬ ಹೆಸರುಬೇಳೆ ಕೋಸಂಬರಿ.

ದುರ್ಗಿಗುಡಿಯಲ್ಲಿ ನನ್ನ ಹೋಟೆಲಿನ ಎದುರಿಗೇ, ಬಾಗಿಲು ಹಾಕಿದ್ದ ಅಂಗಡಿಯ ಜಗಲಿಯ ಮೇಲೆ ಅವರು ಕೂತರು. ಅವರ ಹೆಸರು ಯಾರೂ ಕೇಳಲಿಲ್ಲ. ಎಲ್ಲರಿಗೂ ಅಂಬಲಿ ಅಮ್ಮ.

ನನ್ನದು ಅಪ್ಪನ ಕಾಲದಿಂದ ಬಂದ ಹೋಟೆಲು. ಬೆಳಗಿನ ವಾಕಿಂಗ್ ಮುಗಿಸಿದವರು ನೇರ ನನ್ನಲ್ಲಿಗೆ ಬಂದು ಖಾರಾಬಾತು, ಕೇಸರಿಬಾತು, ಮೇಲೊಂದು ಗಟ್ಟಿ ಕಾಫಿ ತಗೊಂಡು ಹೋಗುವುದು ರೂಢಿ. ಆರು ತಿಂಗಳಲ್ಲಿ ಅವರಲ್ಲಿ ಅರ್ಧದಷ್ಟು ಜನ ರಸ್ತೆ ದಾಟಿದರು. ವ್ಯಾಪಾರ ಕಡಿಮೆಯಾಯಿತೆಂದು ಬೇಸರವಾಗಿದ್ದು ನಿಜ. ಆದರೆ ಹೊಟ್ಟೆ ಉರಿದದ್ದು ಅದಕ್ಕಲ್ಲ. ಇಪ್ಪತ್ತು ವರ್ಷದಿಂದ ನನ್ನ ಕಿಟಕಿ ಪಕ್ಕದ ಟೇಬಲ್ಲಿನಲ್ಲಿ ಕೂತು, ಪೇಪರಿನ ಸುದ್ದಿಯನ್ನು ನನಗೆ ಕೇಳುವ ಹಾಗೆ ಗಟ್ಟಿಯಾಗಿ ಓದುತ್ತಿದ್ದ ರಿಟೈರ್ಡ್ ಮೇಷ್ಟ್ರು ಒಂದು ದಿನ ಆ ಪೇಪರನ್ನೂ ಮಡಚಿಕೊಂಡು ಎದುರಿನ ಜಗಲಿಗೆ ಹೋದರು. ಅಂಬಲಿ ಅಮ್ಮ ತಲೆಯಾಡಿಸುತ್ತ ಕೇಳುತ್ತಿದ್ದರು. ನಾನು ಗಲ್ಲಾದಲ್ಲಿ ಕೂತು, ಕೇಳಿಸದ ಸುದ್ದಿಗೆ ಕಿವಿ ಚಾಚುತ್ತಿದ್ದೆ.

ನನ್ನ ಹತ್ತಿರ ಜನ "ಒಂದು ಕಾಫಿ" ಅನ್ನುತ್ತಿದ್ದರು, ಅಷ್ಟೆ. ಅವರ ಹತ್ತಿರ ಎಲ್ಲ ಹೇಳಿಕೊಳ್ಳುತ್ತಿದ್ದರು. ಕಾಲು ಜೋಮು ಹಿಡಿಯುವುದು, ಸೊಸೆ ಕದ್ದು ಸಿಹಿ ಕೊಡುವುದು, ಕಣ್ಣು ಮಂಜಾಗುವುದು. ಅವರು ಯಾರಿಗೂ ವಾಸಿ ಮಾಡುತ್ತೇನೆಂದು ಹೇಳಿದವರಲ್ಲ. "ಇದು ಔಷಧಿ ಅಲ್ಲ ಸಾರ್, ತಿಂಡಿ. ಮಾತ್ರೆ ಬಿಟ್ರೆ ನನ್ ಹತ್ರ ಬರಬೇಡಿ" ಎಂದು ಗದರಿಸುತ್ತಿದ್ದರು. ಕೋಸಂಬರಿಯನ್ನು ಮೊದಲು ಚೆನ್ನಾಗಿ ಅಗಿದು ತಿನ್ನಲು ಹೇಳಿ, ಆಮೇಲೆಯೇ ಅಂಬಲಿ ಕೊಡುತ್ತಿದ್ದರು. ಅದೂ ಒಂದೇ ಲೋಟ. ಇನ್ನೊಂದು ಕೇಳಿದರೆ, "ರಾಗಿನೂ ಹಿಟ್ಟೇ ಅಲ್ವಾ? ಸಾಕು ಏಳಿ" ಎಂದು ಎಬ್ಬಿಸುತ್ತಿದ್ದರು. ಬಂದ ಗಿರಾಕಿಯನ್ನು ಸಾಕು ಏಳಿ ಎಂದು ಕಳಿಸುವವರ ಹತ್ತಿರ ಮರುದಿನ ಇನ್ನಿಬ್ಬರು ಬರುತ್ತಿದ್ದರು. ನನಗದು ಅರ್ಥವಾಗುತ್ತಿರಲಿಲ್ಲ.

"ಹೊಟ್ಟೆ ಉರ್ಕೊಂಡು ಏನ್ ಮಾಡ್ತೀರಿ? ನೀವೂ ಹೋಗಿ ಒಂದು ಲೋಟ ಕುಡೀರಿ" ಅಂದಳು ನನ್ನ ಹೆಂಡತಿ. ನಾನು ಕುಡಿಯಲಿಲ್ಲ. ಬದಲಿಗೆ ನನ್ನ ಹೋಟೆಲಿನಲ್ಲೇ ಅಂಬಲಿ ಶುರು ಮಾಡಿದೆ. 'ಶುಗರ್ ಇದ್ದವರಿಗೆ ವಿಶೇಷ ಅಂಬಲಿ' ಎಂದು ಬೋರ್ಡನ್ನೂ ಬರೆಸಿದೆ. ತೆಳ್ಳಗಿನ ಅಂಬಲಿ ಗಾಜಿನ ಲೋಟದಲ್ಲಿ ನೋಡಲು ಬಡವಾಗಿ ಕಾಣುತ್ತಿತ್ತು. ಗಟ್ಟಿಯಾಗಲಿ ಎಂದು ಅಕ್ಕಿಹಿಟ್ಟು ಬೆರೆಸಿದೆ. ನಾಲಿಗೆಗೆ ಹಿಡಿಸಲಿ ಎಂದು ಒಂದಿಷ್ಟು ಬೆಲ್ಲ ಹಾಕಿ, ಹುಳಿ ಮಜ್ಜಿಗೆಯಲ್ಲಿ ಅದರ ಸಿಹಿ ಮುಚ್ಚಿದೆ. ಗೊತ್ತಿದ್ದೇ ಮಾಡಿದೆ.

ಮೇಷ್ಟ್ರು ವಾಪಸು ಬಂದರು. "ನಿಂದೇ ರುಚಿ ಮಾರಾಯ" ಎಂದು ದಿನಾ ಎರಡು ಲೋಟ ಕುಡಿದರು. ನಾನು ಎದುರು ಜಗಲಿಯ ಕಡೆ ನೋಡಿ ನಗುತ್ತಿದ್ದೆ. ಮೂರು ವಾರ ಕಳೆದ ಮೇಲೆ ರಕ್ತ ಪರೀಕ್ಷೆ ಮಾಡಿಸಿದರೆ ಅವರ ಶುಗರ್ ವಿಪರೀತ ಏರಿತ್ತು. ಡಾಕ್ಟರು ಬೈದು ಮಾತ್ರೆ ಹೆಚ್ಚಿಸಿದರು. ಮೇಷ್ಟ್ರು ರೇಗಿಕೊಂಡು ಬಂದವರು ನನ್ನಲ್ಲಿಗಲ್ಲ, ಎದುರಿಗೆ ಹೋದರು.

"ಅಂಬಲಿ ಒಳ್ಳೇದು ಅಂತ ನಂಬಿಸಿದ್ದು ನೀವೇ ಅಲ್ವಾ? ನೋಡಿ ಈಗ!" ಎಂದು ರಿಪೋರ್ಟು ಅವರ ಮುಂದೆ ಹಿಡಿದು ಕೂಗಾಡಿದರು.

ಅಂಬಲಿ ಅಮ್ಮ ಆ ಕಾಗದವನ್ನು ನೋಡಿದರು. ಆಮೇಲೆ ತಲೆಯೆತ್ತಿ ನನ್ನ ಬೋರ್ಡನ್ನು ನೋಡಿದರು. ಕಾಗದ ಮಡಚಿ ಮೇಷ್ಟ್ರ ಕೈಗೆ ವಾಪಸು ಕೊಟ್ಟರು.

ಮಾತು ಬೀದಿಯಲ್ಲಿ ಹರಡಿತು. ಜಗಲಿಯ ಮೇಲೆ ಜನ ಕಡಿಮೆಯಾದರು. ತುಂಬಿದ ಕ್ಯಾನುಗಳನ್ನು ಅವರು ಹಾಗೇ ಬಸ್ ಸ್ಟ್ಯಾಂಡಿನ ಕಡೆ ಹೊತ್ತುಕೊಂಡು ಹೋಗುವುದನ್ನು ಮೂರು ದಿನ ನೋಡಿದೆ. ಮೊದಲ ದಿನ ಖುಷಿಯಾಯಿತು. ಎರಡನೆಯ ದಿನ ಅಷ್ಟಿರಲಿಲ್ಲ. ಮೂರನೆಯ ದಿನ ತಲೆ ತಗ್ಗಿಸಿ ಚಿಲ್ಲರೆ ಜೋಡಿಸುತ್ತ ಕೂತೆ.

ನಾಲ್ಕನೆಯ ದಿನ ಅವರೇ ರಸ್ತೆ ದಾಟಿ ಬಂದರು. ಕಿಟಕಿ ಪಕ್ಕದ ಟೇಬಲ್ಲಿನಲ್ಲಿ ಕೂತು, "ಒಂದು ಅಂಬಲಿ ಕೊಡಿ ಅಣ್ಣಾ" ಅಂದರು. ನಾನೇ ತಂದಿಟ್ಟೆ. ಒಂದು ಗುಟುಕು ಕುಡಿದು, ಬಾಯಲ್ಲಿ ಸ್ವಲ್ಪ ಹೊತ್ತು ಇಟ್ಟುಕೊಂಡು ನುಂಗಿದರು.

"ಅಕ್ಕಿಹಿಟ್ಟು. ಬೆಲ್ಲಾನೂ ಇದೆ."

ನಾನು ಒರೆಸಿದ ಟೇಬಲ್ಲನ್ನೇ ಮತ್ತೆ ಒರೆಸಿದೆ.

"ನಮ್ಮನೆಯವರೂ ಹಿಂಗೇ. ಸಕ್ಕರೆ ಅಲ್ವಲ್ಲ, ಬೆಲ್ಲ ತಾನೇ ಅಂತ ಶಿಫ್ಟ್ ಮುಗಿಸಿ ಬಂದು ಇಂಥದ್ದನ್ನೇ ದೊಡ್ಡ ಲೋಟ ಕುಡೀತಿದ್ರು. ಮೊದಲು ಕಾಲು ಹೋಯ್ತು. ಆಮೇಲೆ ಅವರೇ ಹೋದ್ರು." ಲೋಟವನ್ನು ನನ್ನ ಕಡೆ ಸರಿಸಿದರು. "ನಾನು ಯಾರಿಗೂ ಹೇಳಲ್ಲ. ನೀವೇ ಹೇಳಿ. ನನಗೋಸ್ಕರ ಅಲ್ಲ. ಮೇಷ್ಟ್ರು ಈಗ ಜಾಸ್ತಿ ಮಾತ್ರೆ ನುಂಗ್ತಿದ್ದಾರೆ, ನಿಮ್ಮ ಅಂಬಲಿ ಇನ್ನೂ ಬಿಟ್ಟಿಲ್ಲ. ನಾಳೆ ಸಿಟ್ಟಲ್ಲಿ ಅದನ್ನೂ ಬಿಟ್ರೆ, ಶುಗರ್ ಇಳಿದು ಎಲ್ಲಾದ್ರೂ ದಾರೀಲಿ ಬಿದ್ದೋಗ್ತಾರೆ."

ಬೈದಿದ್ದರೆ ನಾನು ತಿರುಗಿ ಬೈಯುತ್ತಿದ್ದೆನೇನೋ. ಅವರು ಬೈಯಲಿಲ್ಲ. ಆಗ ನನಗಾದದ್ದು ನಾಚಿಕೆ, ಅದರ ಹಿಂದೆಯೇ ಮತ್ತೆ ಹೊಟ್ಟೆಕಿಚ್ಚು. ತನ್ನ ಮೇಲೆ ಕೂಗಾಡಿದವನ ಮಾತ್ರೆಯ ಚಿಂತೆ ಮಾಡುವಂಥ ಮನಸ್ಸು ಈ ಹೆಂಗಸಿಗೆ ಎಲ್ಲಿಂದ ಬಂತು, ನನಗೇಕೆ ಇಲ್ಲ ಎಂದು.

ಅಂದು ಸಂಜೆಯೇ ಮೇಷ್ಟ್ರ ಮನೆಗೆ ಹೋಗಿ ಎಲ್ಲ ಹೇಳಿದೆ. ಅವರು ರಿಪೋರ್ಟನ್ನು ಮತ್ತೊಮ್ಮೆ ತೆಗೆದು ನೋಡಿದರು. ಕೊನೆಗೆ, "ನಾಳೆ ಬೆಳಿಗ್ಗೆಯೇ ಡಾಕ್ಟರ ಹತ್ರ ಹೋಗ್ತೀನಿ. ಅದಕ್ಕೆ ಮುಂಚೆ, ಅಲ್ಲಿ ಎಲ್ಲರ ಮುಂದೆ ಹೇಳ್ತೀಯಾ?" ಅಂದರು.

ಹೇಳಿದೆ. ಜಗಲಿಯ ಮುಂದೆ ನಿಂತು, ವಾಕಿಂಗ್ ಮುಗಿಸಿದ ಏಳೆಂಟು ಜನರ ಎದುರು, ನನ್ನ ಅಂಬಲಿಯಲ್ಲಿ ಏನಿತ್ತೆಂದು ಹೇಳಿದೆ. ಯಾರೋ "ಥೂ" ಅಂದರು. ಮೇಷ್ಟ್ರು ಅಂಬಲಿ ಅಮ್ಮನಿಗೆ ಕೈಮುಗಿದರು. ಆಕೆ ಮಾತ್ರ ನನ್ನ ಮುಖವನ್ನೇ ನೋಡುತ್ತಿದ್ದರು.

"ಅಣ್ಣಾ, ರಾತ್ರಿ ಎಷ್ಟು ಸಲ ಏಳ್ತೀರಾ?"

"ಮೂರು ನಾಲ್ಕು ಸಲ. ಯಾಕೆ?"

"ಬಾಯಾರಿಕೆನೂ ಜಾಸ್ತಿ ಅಲ್ವಾ? ಮಾತಾಡ್ತಾ ಮಾತಾಡ್ತಾ ತುಟಿ ಸವರ್ಕೊಳ್ತೀರ. ಇವತ್ತೇ ಹೋಗಿ ರಕ್ತ ಕೊಡಿ."

ಕೊಟ್ಟೆ. ಮೇಷ್ಟ್ರಿಗಿಂತ ನನ್ನದೇ ಹೆಚ್ಚಿತ್ತು. ಇನ್ನೊಂದು ವರ್ಷ ಬಿಟ್ಟಿದ್ದರೆ ಕಣ್ಣಿಗೇ ಬರುತ್ತಿತ್ತು ಎಂದರು ಡಾಕ್ಟರು. ಅಂದಿನಿಂದ ಬೆಳಿಗ್ಗೆ ಮಾತ್ರೆ ನುಂಗಿ ನಾನೂ ಜಗಲಿಯ ಗಿರಾಕಿಯಾದೆ. ಹಿಟ್ಟನ್ನು ರಾತ್ರಿಯೇ ಕಲಸಿ ಹುಳಿ ಬರಿಸುವುದು, ಗಂಟಾಗದಂತೆ ಕಾಯಿಸುವುದು, ಪೂರ್ತಿ ಆರಿದ ಮೇಲೆಯೇ ಮಜ್ಜಿಗೆ ಬೆರೆಸುವುದು, ಒಂದೊಂದನ್ನೂ ನಾನು ಕೇಳದೆಯೇ ಅವರು ಕಲಿಸಿದರು.

ಕಳೆದ ವರ್ಷ ಅವರ ಕಿಡ್ನಿ ಸೋತಿತು. ನಾನೂ ಮೇಷ್ಟ್ರೂ ಭದ್ರಾವತಿಗೆ ಹೋದಾಗ ಅವರ ಮಾತು ನಿಂತಿತ್ತು. ಎರಡು ದಿನಕ್ಕೆ ತೀರಿಕೊಂಡರು. ಮಣ್ಣಿಗೆ ದುರ್ಗಿಗುಡಿಯಿಂದ ಎಷ್ಟೊಂದು ಜನ ಬಂದಿದ್ದರು! ನಾನು ಒಬ್ಬೊಬ್ಬರನ್ನೇ ಎಣಿಸಿದೆ. ನಾನು ಸತ್ತರೆ ಇಷ್ಟು ಜನ ಬರುತ್ತಾರೆಯೇ ಎಂಬ ಯೋಚನೆ ಅಲ್ಲಿಯೂ ನನ್ನನ್ನು ಬಿಡಲಿಲ್ಲ.

ಈಗ ಹೋಟೆಲಿನಲ್ಲಿ ದಿನಾ ಅವರ ಅಂಬಲಿ ಇರುತ್ತದೆ. ಒಬ್ಬರಿಗೆ ಒಂದೇ ಲೋಟ. ಹೊಸಬರು ಕುಡಿದು, "ಚೆನ್ನಾಗಿದೆ ಸಾರ್, ನೀವೇ ಮಾಡಿದ್ದಾ?" ಎಂದು ಕೇಳುತ್ತಾರೆ. ಹೌದು ಅನ್ನಲು ಬಾಯಿ ತೆರೆಯುತ್ತೇನೆ. ಈಗಲೂ, ಪ್ರತಿ ಸಲವೂ. ಆಮೇಲೆ ಹೇಳುತ್ತೇನೆ: "ನಂದಲ್ಲ. ಭದ್ರಾವತಿಯಿಂದ ಒಬ್ಬರು ಬರ್ತಿದ್ರು, ಅವರದು."