ಮಗು ಮಲಗಿದೆ ಎಂದು ಬರೆದ ಹುಡುಗಿ

ದೀಪಾವಳಿ ಕಳೆದು ಮೂರು ವಾರವಾಗಿತ್ತು. ಒಂದು ಸೋಮವಾರ ಬೆಳಿಗ್ಗೆ, ಮಕ್ಕಳ ತೂಕ ನೋಡುವ ಯಂತ್ರವನ್ನು ಚೀಲದಲ್ಲಿ ಹಾಕಿಕೊಂಡು ಲಗ್ಗೆರೆಗೆ ಹೋದೆ. ಮಕ್ಕಳ ಬೆಳವಣಿಗೆ, ಅವರಿಗಾಗಿ ಇರುವ ಸರ್ಕಾರಿ ಯೋಜನೆಗಳು, ಇವುಗಳ ಬಗ್ಗೆ ಸಂಶೋಧನೆ ಮಾಡುವ ಎಂ.ಎ. ವಿದ್ಯಾರ್ಥಿಗಳಿಗೆ ಮಾರ್ಗದರ್ಶನ ಮಾಡುವುದು ನನ್ನ ಕೆಲಸ. ಆ ವರ್ಷ ನನ್ನ ವಿದ್ಯಾರ್ಥಿಗಳು ಗಾರ್ಮೆಂಟ್ಸ್‌ಗೆ, ಫ್ಯಾಕ್ಟರಿಗೆ ಹೋಗುವ ತಾಯಂದಿರ ಮನೆಗಳಿಗೆ ಮೂರು ತಿಂಗಳಿಗೊಮ್ಮೆ ಹೋಗುತ್ತಿದ್ದರು. ಎರಡು ವರ್ಷದ ಆಸುಪಾಸಿನ ಮಗು ಏನು ತಿನ್ನುತ್ತದೆ, ಎಷ್ಟು ಮಾತು ಕಲಿತಿದೆ, ಹಗಲು ಯಾರ ಹತ್ತಿರ ಇರುತ್ತದೆ ಎಂದು ಕೇಳಿ ಬರೆದುಕೊಂಡು ಬರುತ್ತಿದ್ದರು. ಪ್ರತಿ ಸುತ್ತು ಮುಗಿದ ಮೇಲೆ ಕೆಲವು ಫಾರ್ಮು ಎತ್ತಿಕೊಂಡು ಆ ಮನೆಗಳಿಗೆ ನಾನೇ ಹೋಗಿ ಸರಿ ನೋಡುತ್ತಿದ್ದೆ.

ಅವತ್ತು ಕೈಯಲ್ಲಿದ್ದ ಫಾರ್ಮನ್ನು ತುಂಬಿದವಳು ಕೆಂಗೇರಿಯಿಂದ ಬರುತ್ತಿದ್ದ ಹುಡುಗಿ. ಎಂ.ಎ.ಗೆ ಸೇರುವ ಮೊದಲು ಎರಡು ವರ್ಷ ನರ್ಸರಿ ಶಾಲೆಯಲ್ಲಿ ಪಾಠ ಮಾಡಿದ್ದಳು. ಮಾತು ಕಡಿಮೆ. ಆದರೆ ಯಾವ ಮನೆಗೆ ಹೋದರೂ ಐದು ನಿಮಿಷದಲ್ಲಿ ಮಗು ಅವಳ ತೊಡೆಯ ಮೇಲೆ ಇರುತ್ತಿತ್ತು. ಫಾರ್ಮಿನಲ್ಲಿ ಎಲ್ಲ ಪ್ರಶ್ನೆಗೂ ಉತ್ತರವಿತ್ತು. ಹೊಸದಾಗಿ ಕಲಿತ ಮಾತುಗಳು ಎಂಬ ಕಡೆ, ಬಸ್ಸು, ಚಂದಮಾಮ, ಬೇಡ ಹೋಗು, ಎಂದು ಬರೆದಿದ್ದಳು. ತೂಕ ಮತ್ತು ಎತ್ತರದ ಜಾಗ ಮಾತ್ರ ಖಾಲಿ. ಪಕ್ಕದಲ್ಲಿ ‘ಮಗು ಮಲಗಿದೆ’ ಎಂದಿತ್ತು. ಆ ಎರಡು ಖಾಲಿ ಜಾಗ ತುಂಬಿಸಲೆಂದೇ ನಾನು ಹೋಗಿದ್ದು.

ತಾಯಿ ಕೆಲಸಕ್ಕೆ ಹೋದಾಗ ಮಗು ಯಾರ ಮನೆಯಲ್ಲಿ ಇರುತ್ತದೆ ಎಂದು ಕೇಳಲು ಮೊದಲು ಅಂಗನವಾಡಿಗೆ ಹೋದೆ. ಅಲ್ಲಿನ ಟೀಚರ್ ಮಕ್ಕಳಿಗೆ ಮೊಟ್ಟೆ ಸುಲಿಯುತ್ತ ಕೂತಿದ್ದರು. ಮಗುವಿನ ಹೆಸರು ಹೇಳಿದ್ದೇ ಕೈ ನಿಲ್ಲಿಸಿದರು.

“ಆ ಮಗು ಇಲ್ಲ ಮೇಡಂ.”

“ಊರಿಗೆ ಕರ್ಕೊಂಡು ಹೋಗಿದಾರಾ?”

“ತೀರ್‌ಹೋಯ್ತು. ಜ್ವರ ಬಂತು, ನಾಲ್ಕೇ ದಿನ. ಹಬ್ಬಕ್ಕಿಂತ ಮುಂಚೆನೇ.”

ಫಾರ್ಮಿನ ಮೇಲಿದ್ದ ತಾರೀಖು ಹಬ್ಬದ ನಂತರದ್ದು. ನನಗೆ ಮೊದಲು ಬಂದದ್ದು ದುಃಖವಲ್ಲ, ಸಿಟ್ಟು. ಇದನ್ನು ಬರೆಯಲು ನಾಚಿಕೆಯಾಗುತ್ತದೆ. ಮನೆಗೆ ಹೋಗದೆ, ಎಲ್ಲೋ ಬೇಕರಿಯಲ್ಲಿ ಕೂತು ಫಾರ್ಮು ತುಂಬಿದ್ದಾಳೆ, ಅದೂ ಸತ್ತ ಮಗುವಿಗೆ ಮಾತು ಕಲಿಸಿ ಎಂದುಕೊಂಡೆ. ಹಿಂದೆ ಅಂಥವರನ್ನು ನೋಡಿದ್ದೆ. ಅಂಗನವಾಡಿಯ ಹೊರಗೆ ಚಪ್ಪಲಿ ಬಿಡುವ ಜಾಗದಲ್ಲೇ ನಿಂತು, ಅಧ್ಯಯನದ ಮುಖ್ಯಸ್ಥರಿಗೆ ಫೋನಿನಿಂದಲೇ ಮೇಲ್ ಕಳಿಸಿದೆ. ಈ ವಿದ್ಯಾರ್ಥಿನಿ ಸುಳ್ಳು ಮಾಹಿತಿ ಸೃಷ್ಟಿಸಿದ್ದಾಳೆ, ಅವಳ ಎಲ್ಲ ಫಾರ್ಮುಗಳನ್ನೂ ತಡೆಹಿಡಿಯಬೇಕು ಎಂದು. ಅವಳನ್ನು ಒಂದು ಮಾತು ಕೇಳಿರಲಿಲ್ಲ.

ಮಾರನೇ ದಿನ ವಿಜಯನಗರದ ನಮ್ಮ ಕಚೇರಿಗೆ ಕರೆಸಿದೆ. ಇನ್ನಿಬ್ಬರು ವಿದ್ಯಾರ್ಥಿಗಳು ಅಲ್ಲೇ ಕಂಪ್ಯೂಟರಿನ ಮುಂದೆ ಇದ್ದರು. ಅವರನ್ನು ಹೊರಗೆ ಕಳಿಸಬೇಕು ಎಂದು ನನಗೆ ಹೊಳೆಯಲಿಲ್ಲ, ಅಥವಾ ಬೇಕಾಗಿರಲಿಲ್ಲ. ಫಾರ್ಮನ್ನು ಮೇಜಿನ ಮೇಲಿಟ್ಟು, “ಈ ಮನೆಗೆ ಯಾವತ್ತು ಹೋಗಿದ್ದೆ?” ಎಂದೆ.

“ಅದರಲ್ಲಿ ಬರೆದಿದೀನಲ್ಲ ಮೇಡಂ. ಆ ಭಾನುವಾರ.”

“ಮಗು ಸತ್ತು ತಿಂಗಳಾಗಿದೆ.”

“ಗೊತ್ತು ಮೇಡಂ.”

ಕಂಪ್ಯೂಟರಿನ ಮುಂದಿದ್ದವರು ಟೈಪ್ ಮಾಡುವುದನ್ನು ನಿಲ್ಲಿಸಿದರು. ಅವಳು ನಿಂತುಕೊಂಡೇ ಹೇಳಿದಳು. ತಾಯಿ ಒಬ್ಬಳೇ ಇದ್ದಳಂತೆ. ಒಳಗೆ ಕರೆದು ಚಾಪೆ ಹಾಸಿದಳಂತೆ. ಮಗು ಎಲ್ಲಿ ಅಕ್ಕ ಎಂದರೆ, ಒಳಗೆ ಮಲಗಿದೆ ಎಂದಳಂತೆ. ಇವಳು ಒಂದೊಂದೇ ಪ್ರಶ್ನೆ ಕೇಳಿದಳು. ತಾಯಿ ಎಲ್ಲಕ್ಕೂ ಉತ್ತರ ಕೊಟ್ಟಳು. ಅನ್ನ ಸಾರು ತಿನ್ನುತ್ತಾಳೆ, ಮೊಸರು ಬೇಡ ಅನ್ನುತ್ತಾಳೆ, ಬಸ್ಸು ನೋಡಿದರೆ ಕೂಗುತ್ತಾಳೆ. ಕೊನೆಗೆ ತೂಕ ನೋಡಬೇಕು, ಎಬ್ಬಿಸಿ ಎಂದಾಗ, ಇನ್ನೊಂದು ದಿನ ನೋಡಿ ಎಂದಳು. ಇವಳು ಮೆಟ್ಟಿಲು ಇಳಿಯುವಾಗ ಕೆಳಗಿನ ಮನೆಯ ಹೆಂಗಸು ಕೈ ಹಿಡಿದು ನಿಲ್ಲಿಸಿ ವಿಷಯ ಹೇಳಿದರು.

“ಗೊತ್ತಾದ್ಮೇಲೆ ಯಾಕೆ ತಿದ್ದಲಿಲ್ಲ?”

“ತಾಯಿ ಹೇಳಿದ್ದನ್ನೇ ಬರೀರಿ, ನಿಮ್ಮದೇನೂ ಸೇರಿಸ್ಬೇಡಿ ಅಂತ ನೀವೇ ಹೇಳಿದ್ರಿ.”

ಅದು ನಿಜ. ತರಬೇತಿಯ ಮೊದಲ ದಿನವೇ ಬೋರ್ಡಿನ ಮೇಲೆ ಬರೆದಿದ್ದೆ. ಆದರೆ ಅವಳು ವಾದಕ್ಕೆ ಹೇಳಿದ್ದಲ್ಲ. ತಾನೇ ಮುಂದುವರಿಸಿದಳು.

“ಮಗು ಇಲ್ಲ ಅಂತ ಬರೆದ್ರೆ ಲಿಸ್ಟಿಂದ ತೆಗೀತೀರ ಮೇಡಂ. ಆಮೇಲೆ ಆ ಮನೆಗೆ ಯಾರೂ ಹೋಗಲ್ಲ. ಮುಂದಿನ ಸಲ ಯಾವಾಗ ಬರ್ತೀಯಮ್ಮ ಅಂತ ಬಾಗಿಲಲ್ಲಿ ನಿಂತು ಕೇಳಿದ್ರು.”

ಮೇಲ್ ಆಗಲೇ ಹೋಗಿತ್ತು.

ಯಾವುದಾದರೂ ಮಗು ಅಧ್ಯಯನದಿಂದ ಹೊರಗೆ ಹೋದರೆ ತುಂಬುವ ಇನ್ನೊಂದು ಫಾರ್ಮು ಇತ್ತು. ಅದನ್ನು ಬೇರೆ ಯಾರಿಗೂ ವಹಿಸುವಂತಿರಲಿಲ್ಲ. ಮುಂದಿನ ಭಾನುವಾರ ನಾನೇ ಹೋದೆ. ಎರಡನೇ ಮಹಡಿಯಲ್ಲಿ ಒಂದು ಕೋಣೆ, ಒಂದು ಅಡುಗೆಮನೆ. ಗಂಡ ಪೀಣ್ಯದ ಕಾರ್ಖಾನೆಯೊಂದರಲ್ಲಿ ಕೆಲಸ ಮಾಡುತ್ತಿದ್ದವನು, ಬಾಗಿಲಲ್ಲೇ ಮಾತಾಡಿಸಿದ. ಯಾರು, ಯಾಕೆ ಬಂದೆ ಎಂದು ಹೇಳಿಕೊಂಡೆ. ಅವನು ತಗ್ಗಿದ ದನಿಯಲ್ಲಿ, “ಮಗು ಇಲ್ಲ ಅಂತ ಬರ್ಕೊಳ್ಳಿ” ಎಂದ.

“ನಮ್ಮ ಹುಡುಗಿ ಬಂದಾಗ ನಿಮ್ಮ ಮನೆಯವರು...”

“ಅವಳಿಗೆ ಬುದ್ಧಿ ಸರಿಯಾಗೇ ಇದೆ ಮೇಡಂ. ಅವಳ ಕೈಲೇ ಹೋಗಿದ್ದು ಮಗು, ಆಸ್ಪತ್ರೇಲಿ. ನಮ್ಮೋರು, ಬಿಲ್ಡಿಂಗ್‌ನೋರು, ಯಾರೂ ಮಗು ಮಾತೇ ಎತ್ತಲ್ಲ. ಎತ್ತಿದ್ರೆ ಅಳ್ತಾಳೆ ಅಂತ. ನಾನೂ ಎತ್ತಲ್ಲ. ಆ ಹುಡುಗಿ ಬಂದು ಅದೇನ್ ತಿನ್ನುತ್ತೆ, ಏನ್ ಮಾತಾಡುತ್ತೆ ಅಂತ ಕೇಳಿದ್ಲು. ಇವಳು ಹೇಳಿದ್ಲು. ಅಷ್ಟೇ.”

ಅಷ್ಟರಲ್ಲಿ ಅವಳೇ ಅಡುಗೆಮನೆಯಿಂದ ಬಂದಳು. ನನ್ನ ವಿದ್ಯಾರ್ಥಿನಿಗಿಂತ ಎರಡು ಮೂರು ವರ್ಷ ದೊಡ್ಡವಳಿರಬಹುದು. ನನ್ನನ್ನು ನೋಡಿ, ಹಿಂದೆ ಮೆಟ್ಟಿಲ ಕಡೆ ನೋಡಿದಳು.

“ಆ ಹುಡುಗಿ ಬರ್ಲಿಲ್ವಾ?”

“ಇಲ್ಲಮ್ಮ.”

ಚಾಪೆ ಹಾಸಿದಳು. ನಾನು ಕೂತು ಪೆನ್ನು ತೆಗೆದೆ. ಆ ಫಾರ್ಮಿನಲ್ಲಿ ಆರೇ ಪ್ರಶ್ನೆ. ಯಾವತ್ತು, ಎಲ್ಲಿ, ಯಾವ ಕಾಯಿಲೆ, ಎಷ್ಟು ದಿನ, ಲಸಿಕೆ ಎಲ್ಲ ಹಾಕಿಸಿದ್ದಿರಾ, ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದು ಯಾವಾಗ. ಅವಳು ನೆಲ ನೋಡುತ್ತ ಒಂದೊಂದೇ ಮಾತಿನಲ್ಲಿ ಉತ್ತರ ಕೊಟ್ಟಳು. ಕೊನೆಯ ಪ್ರಶ್ನೆಗೆ, “ಎರಡನೇ ದಿನ ಲೀವ್ ಕೇಳ್ದೆ, ಕೊಡ್ಲಿಲ್ಲ. ಮೂರನೇ ದಿನ ಹೋದ್ವಿ” ಎಂದಳು. ಗಂಡ ಎದ್ದು ಹೊರಗೆ ಹೋದ. ನಾನು ‘ಮೂರನೇ ದಿನ’ ಎಂದು ಬರೆದೆ. ರಜೆ ಕೊಡದಿದ್ದ ವಿಷಯ ಬರೆಯಲು ಅಲ್ಲಿ ಜಾಗವಿರಲಿಲ್ಲ. ಅಂಚಿನಲ್ಲಿ ಬರೆಯಬಹುದಿತ್ತು. ಬರೆಯಲಿಲ್ಲ. ಸಹಿ ಹಾಕಿಸಿಕೊಂಡು ಹತ್ತೇ ನಿಮಿಷದಲ್ಲಿ ಎದ್ದುಬಿಟ್ಟೆ. ಅವಳು ಟೀ ಇಡಲು ಹೋಗುತ್ತಿದ್ದಳು, ಬೇಡಮ್ಮ ಎಂದೆ.

ನನ್ನ ಮೇಲ್ ನೋಡಿ ಮುಖ್ಯಸ್ಥರು ವಿಚಾರಣೆಗೆಂದು ಮಾಡಿದ ಸಮಿತಿಯ ಮುಂದೆ ಎಲ್ಲವನ್ನೂ ಹೇಳಿದೆ. ಅವಳು ಮನೆಗೆ ಹೋಗಿದ್ದಳು, ತಾಯಿ ಹೇಳಿದ್ದನ್ನೇ ಬರೆದಿದ್ದಳು, ನನ್ನ ಮೇಲ್ ತಪ್ಪು ಎಂದೆ. ಸಮಿತಿಯ ಹಿರಿಯರೊಬ್ಬರು ಸಮಾಧಾನವಾಗಿ, “ಗೊತ್ತಿದ್ದೂ ತಿದ್ದಲಿಲ್ಲ ತಾನೇ? ನೀವೇ ಬರೆದಿದೀರಲ್ಲ ಮೇಡಂ, ಸುಳ್ಳು ಮಾಹಿತಿ ಅಂತ” ಎಂದರು. ನಾನು ಇನ್ನೂ ಗಟ್ಟಿಯಾಗಿ ಹೇಳಬಹುದಿತ್ತು. ಅಧ್ಯಯನದ ಹೆಸರು, ಮಿಕ್ಕ ವಿದ್ಯಾರ್ಥಿಗಳ ಪ್ರಬಂಧಗಳು, ನನ್ನ ಹೆಸರು, ಎಲ್ಲ ತಲೆಗೆ ಬಂದು ಸುಮ್ಮನಾದೆ. ಅವಳನ್ನು ಅಧ್ಯಯನದಿಂದ ತೆಗೆದರು. ಆ ಮಾಹಿತಿಯಿಲ್ಲದೆ ಪ್ರಬಂಧ ಬರೆಯುವ ಹಾಗಿರಲಿಲ್ಲ. ಸಂಕ್ರಾಂತಿ ಕಳೆದ ಮೇಲೆ ಅವಳು ಕ್ಲಾಸಿಗೆ ಬರುವುದನ್ನು ನಿಲ್ಲಿಸಿದಳು.

ಅಂಗನವಾಡಿ ಟೀಚರ್‌ನಿಂದ ನನಗೆ ತಿಳಿದದ್ದು, ಆಮೇಲೂ ಅವಳು ಕೆಲವು ಭಾನುವಾರ ಲಗ್ಗೆರೆಗೆ ಹೋಗುತ್ತಿದ್ದಳು. ಬೇಸಿಗೆಯಲ್ಲಿ ಆ ಗಂಡ ಹೆಂಡತಿ ಮನೆ ಖಾಲಿ ಮಾಡಿದರು. ಎಲ್ಲಿಗೆ ಹೋದರೆಂದು ಟೀಚರ್‌ಗೂ ಗೊತ್ತಿರಲಿಲ್ಲ.

ನನ್ನ ವಿದ್ಯಾರ್ಥಿನಿಗೆ ಒಮ್ಮೆ ಫೋನ್ ಮಾಡಿದೆ. ರಾಜರಾಜೇಶ್ವರಿನಗರದ ಒಂದು ನರ್ಸರಿ ಶಾಲೆಯಲ್ಲಿ ಮತ್ತೆ ಕೆಲಸಕ್ಕೆ ಸೇರಿದ್ದಳು. ಹಿಂದೆ ಮಕ್ಕಳ ಗಲಾಟೆ ಕೇಳುತ್ತಿತ್ತು.

“ನನ್ನಿಂದ ತಪ್ಪಾಯ್ತು ಕಣಮ್ಮ. ನಿನ್ನನ್ನ ಕೇಳದೆ ಬರೆದುಬಿಟ್ಟೆ” ಎಂದೆ. “ವಾಪಸ್ ಬಾ. ಬೇರೆ ವಿಷಯ ತಗೊಂಡು ಪ್ರಬಂಧ ಮುಗಿಸೋಣ. ನಾನು ಮಾತಾಡ್ತೀನಿ.”

“ಬೇಡ ಮೇಡಂ” ಎಂದಳು. ದನಿಯಲ್ಲಿ ಕೋಪವಿರಲಿಲ್ಲ. “ಅವತ್ತು ನೀವು ಅವರ ಮನೆಗೆ ಹೋಗಿದ್ರಂತಲ್ಲ. ಟೀ ಕುಡೀದೇ ಹೋದ್ರು ಅಂತ ಅಕ್ಕ ಹೇಳ್ತಿದ್ರು.”

ಮಕ್ಕಳು ಕರೀತಾ ಇದಾರೆ ಮೇಡಂ ಎಂದು ಅವಳು ಫೋನ್ ಇಟ್ಟಳು.