ಕಿರಾಣಿ ಚಾಚಾ ಕುಡಿದ ಒಂದು ಲೋಟ

ಮೊಮ್ಮಗಳು ಇವತ್ತು ಮಧ್ಯಾಹ್ನ ಕೂಸನ್ನು ಎತ್ತಿಕೊಂಡು ದವಾಖಾನೆಯಿಂದ ಮನೆಗೆ ಬಂದಳು. ಹೆಣ್ಣು ಕೂಸು. ನಾನು ಮುತ್ತಜ್ಜಿಯಾದೆ. ಯಾವುದನ್ನು ಮೊದಲು ಹೇಳಲಿ ತಿಳಿಯುತ್ತಿಲ್ಲ. ಕೂಸಿನ ಮುಖ ನೋಡಿದ ಕೂಡಲೇ ನೆನಪಾದವರು ನಮ್ಮ ಅತನೂರಿನ ಕಿರಾಣಿ ಅಂಗಡಿಯ ಚಾಚಾ.

ಮೆಹಂದಿ ಹಚ್ಚಿದ ಕೆಂಪು ಗಡ್ಡ. ಬಲಗೈ ಹೆಬ್ಬೆರಳಿನ ಉಗುರು ನಡುವೆ ಸೀಳಿತ್ತು, ಅದಕ್ಕೆ ಸದಾ ಇಂಗಿನ ವಾಸನೆ. "ಸರ್ಫ್ ಕೊಡ್ರಿ" ಅಂದರೆ, "ಯಾವ ಕಂಪನೀದು ಸರ್ಫ್ ಅವ್ವಾ?" ಎಂದು ನಗುತ್ತಿದ್ದರು. ಬಟ್ಟೆ ಒಗೆಯುವ ಪುಡಿಯೆಲ್ಲ ನಮಗೆ ಸರ್ಫ್, ಹಲ್ಲುಜ್ಜುವುದೆಲ್ಲ ಕೋಲ್ಗೇಟ್, ಭೇದಿಗೆ ಕುಡಿಸುವ ಪುಡಿಯೆಲ್ಲ ಎಲೆಕ್ಟ್ರಾಲ್. ಅವು ಒಂದೊಂದು ಕಂಪನಿಯ ಹೆಸರು ಎಂದು ಚಾಚಾ ಬಿಡಿಸಿ ಹೇಳಿದಷ್ಟೂ, ಎರಡನೇ ಇಯತ್ತೆಗೆ ಶಾಲೆ ಬಿಟ್ಟ ನನಗೆ ಗೋಜಲಾಗುತ್ತಿತ್ತು. ಇವತ್ತಿಗೂ ಗೋಜಲೇ.

ಇದೇ ಮೊಮ್ಮಗಳು ಒಂದೂವರೆ ವರ್ಷದವಳಿದ್ದಾಗ ವಾಂತಿಭೇದಿ ಹತ್ತಿತು. ಕಣ್ಣು ಒಳಗೆ ಹೋಗಿದ್ದವು. "ಎಲೆಕ್ಟ್ರಾಲ್ ಕುಡಸ್ರಿ, ತಡ ಮಾಡಬ್ಯಾಡ್ರಿ" ಎಂದಳು ಊರಿನ ನರ್ಸಮ್ಮ. ಕೂಸನ್ನು ಸೊಂಟದ ಮೇಲೆ ಹಾಕಿಕೊಂಡು ಓಡಿದೆ. ಚಾಚಾ ಕೊಟ್ಟ ಪಾಕೀಟಿನ ಮೇಲೆ ಬೇರೆ ಚಿತ್ರ, ಬೇರೆ ಬಣ್ಣ.

"ಇದಲ್ರಿ. ಓದಾಕ ಬರಂಗಿಲ್ಲಂತ ಬ್ಯಾರೇದು ಕೊಡಾಕತ್ತೀರೇನು?"

"ಔಷಧ ಅದೇ ಅವ್ವಾ, ಕಂಪನಿ ಬ್ಯಾರೆ."

"ಕೂಸಿಗೆ ಏನರೆ ಆದ್ರ ಕಂಪನಿಯವ್ರು ಬರ್ತಾರೇನು? ನಾ ಅಫಜಲಪುರಕ್ಕ ಹೋಗಿ ಅಸಲಿ ತರ್ತೇನಿ."

ಬಸ್ಸಿಗೆ ಇನ್ನೂ ಒಂದು ತಾಸು ಇತ್ತು. ಕೂಸಿನ ಕುತ್ತಿಗೆ ನನ್ನ ಹೆಗಲ ಮೇಲೆ ಜೋತುಬಿದ್ದಿತ್ತು. ಚಾಚಾ ಅಂಗಡಿ ಹಿಂದಿನ ಮನೆಯಿಂದ ಹೆಂಡತಿಯ ಕೈಲಿ ಕಾಯಿಸಿ ಆರಿಸಿದ ನೀರು ತರಿಸಿದರು, ಪಾಕೀಟು ಹರಿದು ಕಲಸಿದರು, ಒಂದು ಲೋಟ ನನ್ನೆದುರೇ ಗಟಗಟ ಕುಡಿದರು.

"ಈಗರೆ ಕುಡಸ್ತೀಯೇನು?"

ಉಳಿದದ್ದನ್ನು ಅಲ್ಲೇ ಕಟ್ಟೆಯ ಮೇಲೆ ಕೂತು ಚಮಚದಿಂದ ಕುಡಿಸಿದೆ. ಬೆಳಗಿನಿಂದ ಒಂದು ಹನಿಯೂ ಹೊಯ್ಯದಿದ್ದ ಕೂಸು ಹೊತ್ತು ಮುಳುಗುವ ಮೊದಲು ನನ್ನ ಸೀರೆ ತುಂಬ ಉಚ್ಚೆ ಹೊಯ್ದಿತು. ಅಷ್ಟು ಸಂತೋಷದಿಂದ ನಾನು ಯಾವತ್ತೂ ಸೀರೆ ಹಿಂಡಿಲ್ಲ.

ಮರುದಿನ ಚಾಚಿ ಹೇಳಿದ ಮೇಲೆ ನನಗೆ ಹೊಳೆಯಿತು. ಅದು ರಂಜಾನ್ ತಿಂಗಳು. ಹಗಲೆಲ್ಲ ಹನಿ ನೀರೂ ಮುಟ್ಟದ ಉಪವಾಸ, ರೋಜಾ ಇತ್ತು ಅವರಿಗೆ. ಹೋಗಿ ನಿಂತರೆ, ಚಾಚಾ ತಕ್ಕಡಿ ಒರೆಸುತ್ತ ಅಂದರು: "ರೋಜಾ ಒಂದು ಮತ್ತ ಹಿಡಿದ್ರಾಯ್ತು. ಕೂಸು ಮತ್ತ ತರಾಕ ಆಗ್ತದೇನು?"

ಚಾಚಾ ತೀರಿಕೊಂಡು ಎರಡು ವರ್ಷವಾಯಿತು. ಅವತ್ತು ತಪ್ಪಾಯಿತು ಅಂದೆನೋ, ಸುಮ್ಮನೆ ಅತ್ತು ಬಂದೆನೋ, ಈಗ ನೆನಪಾಗುತ್ತಿಲ್ಲ.

ಸಂಜೆ ಮನೆಮಂದಿಯೆಲ್ಲ ಒಟ್ಟಿಗೆ ಊಟಕ್ಕೆ ಕೂತೆವು. ಚಾಚಿಯನ್ನು ಕರೆಸಿ ಪಕ್ಕದಲ್ಲೇ ಕೂರಿಸಿಕೊಂಡಿದ್ದೆ. ಅವಳ ತಟ್ಟೆಗೆ ಮೂರನೇ ಹೋಳಿಗೆ ಹಾಕಿದೆ.

"ಸಾಕು ಬೇ, ಹೊಟ್ಟಿ ತುಂಬ್ಯದ."

"ನನಗ ಸಾಕಾಗಿಲ್ಲ, ಉಣ್ಣು" ಎಂದು ಮೇಲೆ ತುಪ್ಪ ಸುರಿದೆ.